ಸುಟ್ಟ ರೂಟರ್ ಜಾಗಕ್ಕೆ ಹೊಸದು: ಹಳೆಯ ಕಾನ್ಫಿಗರೇಶನ್ ಸರ್ವರ್‌ನಿಂದ ತರುವುದು ಹೇಗೆ?

ರಾತ್ರಿ ಸಿಡಿಲು ಬಡಿದಿದೆ. ಬೆಳಿಗ್ಗೆ ಬಂದು ನೋಡಿದರೆ ರೂಟರ್‌ನ ಒಂದು ದೀಪವೂ ಉರಿಯುತ್ತಿಲ್ಲ. ಕಪಾಟಿನಲ್ಲಿ ಅದೇ ಮಾದರಿಯ ಇನ್ನೊಂದು ರೂಟರ್ ಇದೆ, ಆದರೆ ಅದು ಖಾಲಿ. ಐಪಿ ವಿಳಾಸ, ರೂಟ್, ಪಾಸ್‌ವರ್ಡ್, ಯಾರನ್ನು ಒಳಗೆ ಬಿಡಬೇಕು ಎಂಬ ಪಟ್ಟಿ, ಯಾವುದೂ ಅದರಲ್ಲಿಲ್ಲ. ಹಳೆಯದರ ಕಾನ್ಫಿಗರೇಶನ್ ಫೈಲ್ (ಈ ಎಲ್ಲ ಸೆಟ್ಟಿಂಗ್ ಬರೆದಿಟ್ಟ ಫೈಲ್) ಒಂದು ಟಿಎಫ್‌ಟಿಪಿ ಸರ್ವರ್‌ನಲ್ಲಿ, ಅಂದರೆ ನೆಟ್‌ವರ್ಕ್ ಮೂಲಕ ಫೈಲ್ ಕಳಿಸುವ, ತರುವ ಸರಳ ವಿಧಾನ ಬಳಸುವ ಕಂಪ್ಯೂಟರ್‌ನಲ್ಲಿ ಇದ್ದರೆ ಇದು ದೊಡ್ಡ ಕೆಲಸವಲ್ಲ. ಆದರೆ ದಾರಿಯಲ್ಲಿ ಒಂದೆರಡು ಕಡೆ ಎಡವುವ ಸಾಧ್ಯತೆ ಜಾಸ್ತಿ.

ಇಲ್ಲಿ ಸಿಸ್ಕೊ ಕಂಪನಿಯ, ಅದರದೇ ಐಒಎಸ್ ತಂತ್ರಾಂಶ ಓಡುವ ರೂಟರ್ ತೆಗೆದುಕೊಂಡಿದ್ದೇನೆ. ಕಮಾಂಡ್‌ಗಳನ್ನು ಓದಲು ಸುಲಭವಾಗಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ.

ಮೊದಲು ಸರ್ವರ್‌ನಲ್ಲಿರುವ ಫೈಲನ್ನು ತೆರೆದು ನೋಡಿ. ಅದು ಬರೀ ಪಠ್ಯ, ನೋಟ್‌ಪ್ಯಾಡ್ ಸಾಕು. ಇಂಟರ್‌ಫೇಸ್ (ಕೇಬಲ್ ಸೇರುವ ಪೋರ್ಟ್) ಹೆಸರುಗಳನ್ನು ಹೊಸ ರೂಟರ್‌ನ ಜೊತೆ ಹೋಲಿಸಿ. ನಿಮ್ಮ ಹೊಸ ರೂಟರ್ ಬೇರೆ ಮಾದರಿಯದಾಗಿ, ಹಳೆಯದರಲ್ಲಿ ‘ಗಿಗಾಬಿಟ್‌ಈಥರ್ನೆಟ್ 0/0’ ಇದ್ದು ಹೊಸದರಲ್ಲಿ ‘0/0/0’ ಇದ್ದರೆ ಆ ಸಾಲುಗಳು ಒಪ್ಪಿತವಾಗುವುದಿಲ್ಲ. ಫೈಲ್‌ನ ಇನ್ನೊಂದು ಪ್ರತಿ ಮಾಡಿ ಅದರಲ್ಲಿ ತಿದ್ದಿ. ಮೂಲವನ್ನು ಮುಟ್ಟಬೇಡಿ.

ಈಗ ಕಂಪ್ಯೂಟರಿನಿಂದ ರೂಟರ್‌ನ ಕನ್ಸೋಲ್ ಪೋರ್ಟ್‌ಗೆ ಕನ್ಸೋಲ್ ಕೇಬಲ್ ಹಾಕಿ. ಕಂಪ್ಯೂಟರಿನ ಟರ್ಮಿನಲ್ ಪ್ರೋಗ್ರಾಂನಲ್ಲಿ ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1. ಆರಂಭದ ಸೆಟಪ್ ಬೇಕೇ ಎಂದು ರೂಟರ್ ಕೇಳಿದರೆ ‘ನೋ’ ಎನ್ನಿ. ‘ಎನೇಬಲ್’, ‘ಕಾನ್ಫಿಗರ್ ಟರ್ಮಿನಲ್’ ಕೊಟ್ಟು ಒಂದು ಇಂಟರ್‌ಫೇಸ್‌ಗೆ ಐಪಿ ವಿಳಾಸ ಹಾಕಿ, ಅದು ತೆರೆದುಕೊಳ್ಳಲು ‘ನೋ ಶಟ್‌ಡೌನ್’ ಎಂದು ಬರೆಯಿರಿ. ಸರ್ವರ್ ಬೇರೆ ಊರಿನಲ್ಲೋ ಬೇರೆ ಸಬ್‌ನೆಟ್‌ನಲ್ಲೋ (ನೆಟ್‌ವರ್ಕ್‌ನ ಬೇರೆ ಭಾಗದಲ್ಲೋ) ಇದ್ದರೆ ‘ಐಪಿ ರೂಟ್ 0.0.0.0 0.0.0.0’ ಬರೆದು ಮುಂದೆ ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ದಾರಿ ಕೊಡುವ ಸಾಧನ) ವಿಳಾಸ ಸೇರಿಸಿ. ‘ಎಂಡ್’ ಎಂದು ಹೊರಬಂದು ಸರ್ವರ್‌ಗೆ ಪಿಂಗ್ ಮಾಡಿ, ಅಂದರೆ ಅದು ಉತ್ತರಿಸುತ್ತದೆಯೇ ಎಂದು ಪರೀಕ್ಷಿಸಿ. ಐದರಲ್ಲಿ ಮೊದಲನೆಯದು ಮಾತ್ರ ತಪ್ಪಿದರೆ ಚಿಂತೆ ಬೇಡ, ಎದುರಿನ ಸಾಧನದ ಮ್ಯಾಕ್ ವಿಳಾಸ (ಅದರ ಯಂತ್ರಾಂಶದ ವಿಳಾಸ) ಹುಡುಕುವಷ್ಟರಲ್ಲಿ ಹಾಗಾಗುತ್ತದೆ.

ಪಿಂಗ್ ಸರಿಹೋಯಿತೇ? ಹಾಗಾದರೆ ‘ಕಾಪಿ ಟಿಎಫ್‌ಟಿಪಿ: ಸ್ಟಾರ್ಟಪ್-ಕಾನ್ಫಿಗ್’ ಕೊಡಿ. ಸರ್ವರ್ ವಿಳಾಸ ಕೇಳುತ್ತದೆ, ಆಮೇಲೆ ಫೈಲ್ ಹೆಸರು. ಲಿನಕ್ಸ್ ಸರ್ವರ್ ಆದರೆ ದೊಡ್ಡಕ್ಷರ, ಚಿಕ್ಕಕ್ಷರ ಒಂದೂ ತಪ್ಪಬಾರದು. ಆಶ್ಚರ್ಯಸೂಚಕ ಚಿಹ್ನೆ ಬಿದ್ದರೆ ಫೈಲ್ ಬರುತ್ತಿದೆ ಎಂದರ್ಥ. ಬರೀ ಚುಕ್ಕೆ ಬೀಳುತ್ತಿದ್ದರೆ ಉತ್ತರ ಬರುತ್ತಿಲ್ಲ. ಪಿಂಗ್ ಆಗುತ್ತಿದ್ದರೂ ಫೈಲ್ ಬಾರದಿದ್ದರೆ ಟಿಎಫ್‌ಟಿಪಿ ಪ್ರೋಗ್ರಾಂ ಓಡುತ್ತಿದೆಯೇ ನೋಡಿ. ನಂತರ ಫೈರ್‌ವಾಲ್ ನೋಡಿ. ಟಿಎಫ್‌ಟಿಪಿ ಕೇಳಿಕೆ ಬರುವುದು ಯುಡಿಪಿ 69ನೇ ಪೋರ್ಟ್‌ಗೆ, ಆದರೆ ಫೈಲ್ ಸಾಗುವುದು ಬೇರೆ ಪೋರ್ಟ್‌ನಿಂದ. ಹಾಗಾಗಿ ಪೋರ್ಟ್ ಒಂದನ್ನೇ ತೆರೆಯುವುದಕ್ಕಿಂತ ಆ ಪ್ರೋಗ್ರಾಂಗೇ ಅನುಮತಿ ಕೊಡುವುದು ಒಳ್ಳೆಯದು.

ಫೈಲ್ ಬಂದಮೇಲೆ ‘ರೀಲೋಡ್’. ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ‘ಕಾನ್ಫಿಗರೇಶನ್ ಬದಲಾಗಿದೆ, ಉಳಿಸಲೇ?’ ಎಂದು ರೂಟರ್ ಕೇಳುತ್ತದೆ. ಉತ್ತರ ‘ನೋ’. ರೂಟರ್‌ನಲ್ಲಿ ಎರಡು ಪ್ರತಿಗಳಿರುತ್ತವೆ. ಈ ಕ್ಷಣ ಓಡುತ್ತಿರುವುದು ರನ್ನಿಂಗ್-ಕಾನ್ಫಿಗ್, ಅದು ವಿದ್ಯುತ್ ಹೋದರೆ ಅಳಿಯುವ ರ‍್ಯಾಮ್‌ನಲ್ಲಿದೆ. ಮತ್ತೆ ಆನ್ ಆದಾಗ ಓದುವುದು ಸ್ಟಾರ್ಟಪ್-ಕಾನ್ಫಿಗ್, ಅದು ವಿದ್ಯುತ್ ಹೋದರೂ ಉಳಿಯುವ ಎನ್‌ವಿರ‍್ಯಾಮ್‌ನಲ್ಲಿದೆ. ನೀವು ತಂದ ಫೈಲ್ ಇರುವುದು ಎರಡನೆಯದರಲ್ಲಿ. ‘ಯೆಸ್’ ಎಂದರೆ ಆಗಲೇ ಹಾಕಿದ ತಾತ್ಕಾಲಿಕ ಸೆಟ್ಟಿಂಗ್ ಅದರ ಮೇಲೆ ಬಂದು ಕೂರುತ್ತದೆ. ನಾನು ಒಮ್ಮೆ ಹೀಗೆ ‘ಯೆಸ್’ ಒತ್ತಿ, ರೂಟರ್ ಖಾಲಿಯಾಗಿ ಎದ್ದದ್ದು ನೋಡಿ ಬ್ಯಾಕಪ್ ಫೈಲೇ ಕೆಟ್ಟಿದೆ ಎಂದುಕೊಂಡು ಇಡೀ ಬೆಳಿಗ್ಗೆ ಕಳೆದಿದ್ದೇನೆ. ಫೈಲ್ ಚೆನ್ನಾಗಿಯೇ ಇತ್ತು.

ನೇರವಾಗಿ ರನ್ನಿಂಗ್-ಕಾನ್ಫಿಗ್‌ಗೇ ತರಬಹುದಲ್ವಾ, ರೀಲೋಡ್ ತಪ್ಪುತ್ತದೆ ಎಂದು ಅನ್ನಿಸಬಹುದು. ಹಾಗೆ ತಂದರೆ ಹೊಸ ಸಾಲುಗಳು ಇರುವ ಸಾಲುಗಳ ಜೊತೆ ಬೆರೆಯುತ್ತವೆ. ಇದ್ದದ್ದು ಅಳಿಯುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. ಫೈಲ್‌ನಲ್ಲಿ ‘ನೋ ಶಟ್‌ಡೌನ್’ ಎಂಬ ಸಾಲು ಇರುವುದಿಲ್ಲ. ಹೊಸ ರೂಟರ್‌ನ ಇಂಟರ್‌ಫೇಸ್‌ಗಳು ಮುಚ್ಚಿಯೇ ಇರುವುದರಿಂದ ವಿಳಾಸ ಬಂದರೂ ಅವು ಏಳುವುದಿಲ್ಲ, ಒಂದೊಂದಕ್ಕೂ ನೀವೇ ಹೋಗಿ ಹೇಳಬೇಕು. ಕೆಲಸ ಮಾಡುತ್ತಿರುವ ರೂಟರನ್ನು ನಿಲ್ಲಿಸದೆ ಹಳೆಯ ಸ್ಥಿತಿಗೆ ತರಬೇಕಿದ್ದರೆ ಫೈಲನ್ನು ಮೊದಲು ಫ್ಲ್ಯಾಶ್‌ಗೆ (ರೂಟರ್‌ನಲ್ಲಿ ಫೈಲ್‌ಗಳನ್ನು ಇಡುವ ಮೆಮೊರಿಗೆ) ಇಳಿಸಿಕೊಂಡು ‘ಕಾನ್ಫಿಗರ್ ರಿಪ್ಲೇಸ್’ ಬಳಸಿ. ಅದು ಬೆರೆಸುವುದಿಲ್ಲ, ಬದಲಿಸುತ್ತದೆ. ದೂರದಿಂದ ಮಾಡುತ್ತಿದ್ದರೆ ಮೊದಲೇ ‘ರೀಲೋಡ್ ಇನ್ 10’ ಕೊಟ್ಟಿರಿ. ಸಂಪರ್ಕ ಕಡಿದುಹೋದರೂ ಹತ್ತು ನಿಮಿಷದಲ್ಲಿ ರೂಟರ್ ಉಳಿಸಿದ ಸ್ಥಿತಿಗೆ ಮರಳುತ್ತದೆ. ಎಲ್ಲ ಸರಿಯಿದ್ದರೆ ‘ರೀಲೋಡ್ ಕ್ಯಾನ್ಸಲ್’ ಎನ್ನಿ, ಆಮೇಲೆ ಉಳಿಸಿ.

ರೂಟರ್ ಎದ್ದಮೇಲೆ ‘ಶೋ ಐಪಿ ಇಂಟರ್‌ಫೇಸ್ ಬ್ರೀಫ್’, ‘ಶೋ ಐಪಿ ರೂಟ್’ ನೋಡಿ. ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಭದ್ರವಾಗಿ ರೂಟರ್‌ಗೆ ಸಂಪರ್ಕಿಸುವ ವಿಧಾನದಲ್ಲಿ) ಒಳಗೆ ಹೋಗಲು ಆಗದಿದ್ದರೆ ಗಾಬರಿ ಬೇಡ. ಎಸ್‌ಎಸ್‌ಎಚ್‌ನ ಖಾಸಗಿ ಕೀಲಿ ಕಾನ್ಫಿಗರೇಶನ್ ಫೈಲ್‌ನಲ್ಲಿ ಇರುವುದಿಲ್ಲ. ‘ಕ್ರಿಪ್ಟೊ ಕೀ ಜನರೇಟ್ ಆರ್‌ಎಸ್‌ಎ’ ಕೊಟ್ಟು ಹೊಸದು ಮಾಡಿಕೊಳ್ಳಿ.

ಟಿಎಫ್‌ಟಿಪಿಗೆ ಪಾಸ್‌ವರ್ಡ್ ಇಲ್ಲ, ಗೂಢಲಿಪಿಯೂ ಇಲ್ಲ. ನಿಮ್ಮ ಫೈಲ್‌ನಲ್ಲೋ ಪಾಸ್‌ವರ್ಡ್‌ಗಳಿವೆ. ಅದರಲ್ಲೂ ಟೈಪ್ 7 ಎಂದು ಬರೆದಿರುವವನ್ನು ಬಿಡಿಸುವುದು ಬಹಳ ಸುಲಭ. ಆದ್ದರಿಂದ ಇಂಟರ್ನೆಟ್ ದಾಟಿ ಬರಬೇಕಾದ ಫೈಲ್‌ಗೆ ಎಸ್‌ಸಿಪಿ (ಗೂಢಲಿಪಿಯಲ್ಲಿ ಫೈಲ್ ಸಾಗಿಸುವ ವಿಧಾನ) ಬಳಸಿ. ಕಮಾಂಡ್‌ನಲ್ಲಿ ‘ಟಿಎಫ್‌ಟಿಪಿ:’ ಇದ್ದ ಕಡೆ ‘ಎಸ್‌ಸಿಪಿ:’ ಬರುತ್ತದೆ, ಬಳಕೆದಾರನ ಹೆಸರು, ಪಾಸ್‌ವರ್ಡ್ ಕೊಡಬೇಕಾಗುತ್ತದೆ. ಉಳಿದದ್ದು ಹಾಗೆಯೇ.

ಎಲ್ಲ ಮುಗಿದಮೇಲೆ ಹೊಸ ರೂಟರ್‌ನಲ್ಲಿ ‘ಆರ್ಕೈವ್’ ಎಂಬ ವಿಭಾಗಕ್ಕೆ ಹೋಗಿ, ‘ಪಾತ್’ ಎದುರು ಸರ್ವರ್ ವಿಳಾಸ ಬರೆದು, ಕೆಳಗೆ ‘ರೈಟ್-ಮೆಮೊರಿ’ ಎಂಬ ಸಾಲು ಸೇರಿಸಿ. ಅಲ್ಲಿಂದ ಮುಂದೆ ನೀವು ಕಾನ್ಫಿಗರೇಶನ್ ಉಳಿಸಿದಾಗಲೆಲ್ಲ ಒಂದು ಪ್ರತಿ ತಾನಾಗಿ ಸರ್ವರ್‌ಗೆ ಹೋಗುತ್ತದೆ.