ಗುಟ್ಟು ಒಡೆಯದೆ ನೋಡುಗರ ಅಭಿಪ್ರಾಯ ಕೇಳುವುದು ಹೇಗೆ

ಸಿನಿಮಾ ಮುಗಿದ ಕೂಡಲೇ "ಹೇಗಿತ್ತು?" ಎಂದು ಕೇಳಬೇಡಿ. "ಚೆನ್ನಾಗಿತ್ತು" ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಸಕಲೇಶಪುರದಲ್ಲಿ ನನಗೊಂದು ಜೆರಾಕ್ಸ್ ಅಂಗಡಿ ಇದೆ. ಅಂಗಡಿಗೆ ಬಂದು ಹೋಗುವ ಕೆಲವರ ಜೊತೆ ಸೇರಿ ವರ್ಷಕ್ಕೆ ಮೂರು ನಾಲ್ಕು ಸ್ವತಂತ್ರ ಚಿತ್ರಗಳನ್ನು ತೋರಿಸುತ್ತೇನೆ, ನೋಡಿದವರ ಮಾತುಗಳನ್ನು ಬರೆಸಿಕೊಂಡು ನಿರ್ದೇಶಕರಿಗೆ ಕಳಿಸುತ್ತೇನೆ. ಈ ಸಲದ್ದು ನಿಗೂಢ ಕಥೆಯ ಚಿತ್ರ. ಇಪ್ಪತ್ತು ವರ್ಷಗಳ ಹಿಂದೆ ಊರು ಬಿಟ್ಟ ಕಾಂಪೌಂಡರ್ ಒಬ್ಬ ಮರಳಿ ಬಂದು, ಅದೇ ಊರಿನವರಿಗೆ ದುಡ್ಡು ತೆಗೆದುಕೊಳ್ಳದೆ ಔಷಧ ಕೊಡತೊಡಗುತ್ತಾನೆ. ಅವನು ಊರು ಬಿಟ್ಟ ರಾತ್ರಿ ಅಲ್ಲೊಂದು ಮಗು ಸತ್ತಿತ್ತು. ಚಿತ್ರದ ಹೆಸರನ್ನು ನಾನು ಹೇಳುವುದಿಲ್ಲ. ಈ ಬರಹದಲ್ಲಿ ಮುಂದೆ ಬರುವ ನೋಡುಗರ ಮಾತುಗಳನ್ನು ಜೋಡಿಸಿದರೆ ಗುಟ್ಟು ಬಯಲಾಗುತ್ತದೆ, ಇನ್ನೂ ನೋಡದವರಿಗೆ ಅನ್ಯಾಯವಾಗುತ್ತದೆ.

ಮೊದಲಿಗೆ ಅನುಮತಿ. ಮನೆಯಲ್ಲಿ ನೋಡಲು ಕಟ್ಟಿದ ಒಟಿಟಿ ಚಂದಾ ಹತ್ತು ಜನರನ್ನು ಸೇರಿಸಿ ತೋರಿಸಲು ಸಾಲದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ಎಲ್ಲಿ, ಎಷ್ಟು ಜನಕ್ಕೆ, ಟಿಕೆಟ್ ಇದೆಯೇ ಇಲ್ಲವೇ ಎಂಬುದನ್ನೆಲ್ಲ ತಿಳಿಸಿ ಇಮೇಲ್ ಮಾಡಿ, ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಿ. ಸೆನ್ಸಾರ್ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ. 2023ರ ತಿದ್ದುಪಡಿಯ ನಂತರ ಯು/ಎ ಎಂಬ ಒಂದೇ ವರ್ಗ 7+, 13+, 16+ ಎಂದು ಮೂರಾಗಿದೆ. ಮಕ್ಕಳನ್ನು ಕರೆತರಬಹುದೇ ಎಂದು ಕೇಳುವ ತಾಯಂದಿರಿಗೆ ಆ ಹಾಳೆಯನ್ನೇ ತೋರಿಸಬಹುದು.

ಮಳೆಗಾಲದಲ್ಲಿ ಪ್ರದರ್ಶನ ಇಟ್ಟುಕೊಳ್ಳಬೇಡಿ. ಒಮ್ಮೆ ಆಷಾಢದಲ್ಲಿ ಜಿಂಕ್ ಶೀಟಿನ ಮಾಡಿನ ಕೆಳಗೆ ತೋರಿಸಿದಾಗ ಕೊನೆಯ ಹತ್ತು ನಿಮಿಷ ಒಂದು ಮಾತೂ ಕೇಳಿಸಲಿಲ್ಲ. ನಿಗೂಢ ಕಥೆಯಲ್ಲಿ ಪಿಸುದನಿಯಲ್ಲಿ ಬರುವ ಒಂದು ಹೆಸರು ತಪ್ಪಿದರೂ ನೋಡಿದ್ದೆಲ್ಲ ವ್ಯರ್ಥ. ಕಾಫಿ ಕೊಯ್ಲಿನ ತಿಂಗಳುಗಳೂ ಆಗವು, ಅರೇಬಿಕಾ ಮುಗಿಯುವ ಹೊತ್ತಿಗೆ ರೋಬಸ್ಟಾ ಹಣ್ಣಾಗಿರುತ್ತದೆ. ನಾವು ಕಾಫಿ ಒಣಗಿಸುವ ಕಣ ಖಾಲಿಯಾಗುವವರೆಗೆ ಕಾದು, ಒಂದು ತೋಟದ ಗೋದಾಮಿನ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿಕೊಂಡೆವು. ಮಧ್ಯಾಹ್ನ ಮೂರಕ್ಕೇ ಶುರು ಮಾಡಿದೆವು. ಸಂಜೆ ಇಟ್ಟರೆ ಹೆತ್ತೂರು ಕಡೆಯ ಬಸ್ಸು ಹಿಡಿಯುವವರು ಚಿತ್ರ ಮುಗಿದೊಡನೆ ಓಡುತ್ತಾರೆ, ಅವರ ಅಭಿಪ್ರಾಯ ಅವರ ಜೊತೆಯಲ್ಲೇ ಹೋಗಿಬಿಡುತ್ತದೆ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ನೋಡುಗರು ಅಭಿಪ್ರಾಯ ಬರೆಯುವ ಚೀಟಿಯ ಬಗ್ಗೆ. ಎ4 ಹಾಳೆಯ ಅರ್ಧ ಸಾಕು. ಹೆಸರು ಕೇಳಬೇಡಿ, ನಕ್ಷತ್ರಗಳನ್ನೂ ಕೊಡಿಸಬೇಡಿ. ಮೊದಲ ಪ್ರದರ್ಶನದಲ್ಲಿ ನಾನು ಐದಕ್ಕೆ ಎಷ್ಟು ಎಂದು ಕೇಳಿದ್ದೆ, ಬಹಳ ಮಂದಿ ಮೂರು ಕೊಟ್ಟರು. ಮಾತನಾಡಿಸಿದಾಗ ತಿಳಿಯಿತು: ಒಬ್ಬರು ಕಥೆ ನಿಧಾನವಾಯಿತೆಂದು ಮೂರು ಕೊಟ್ಟಿದ್ದರು, ಇನ್ನೊಬ್ಬರು ತೀರಿಹೋದ ತಮ್ಮನ ನೆನಪಾಗಿ ಅರ್ಧ ಚಿತ್ರವನ್ನು ತಲೆತಗ್ಗಿಸಿಯೇ ಕಳೆದಿದ್ದರು. ಆ ಎರಡು ಮೂರುಗಳನ್ನು ಕೂಡಿಸಿ ನಿರ್ದೇಶಕರಿಗೆ ಏನೆಂದು ಬರೆಯಲಿ? ಅಂದಿನಿಂದ ಅಂಕಿ ಬಿಟ್ಟು ದೃಶ್ಯ ಕೇಳುತ್ತೇನೆ.

ಈ ಸಲದ ಚೀಟಿಯಲ್ಲಿ ಮೂರು ಪ್ರಶ್ನೆಗಳಿದ್ದವು. ಗುಟ್ಟು ನಿಮಗೆ ಯಾವಾಗ ಹೊಳೆಯಿತು, ಏನನ್ನು ನೋಡಿ? ಅವನನ್ನು ನೀವು ಕ್ಷಮಿಸಿದಿರಾ, ಯಾವ ದೃಶ್ಯದಲ್ಲಿ? ಚಿತ್ರದಲ್ಲಿ ಯಾರ ನೋವನ್ನು ಯಾರೂ ವಿಚಾರಿಸಲಿಲ್ಲ?

ಮೊದಲನೆಯದು ಕಥೆಯ ಹೆಣಿಗೆಗೆ ಸಂಬಂಧಿಸಿದ್ದು. ಸುಳಿವುಗಳನ್ನು ನ್ಯಾಯವಾಗಿ ಕಣ್ಣೆದುರು ಇಟ್ಟಿದ್ದರೇ, ಬಚ್ಚಿಟ್ಟು ಮೋಸ ಮಾಡಿದರೇ ಎಂಬುದು ಇದರಿಂದ ತಿಳಿಯುತ್ತದೆ. ಆಟೋ ಓಡಿಸುವ ಹುಡುಗನೊಬ್ಬ "ಬಾಟಲಿಯ ಚೀಟಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಾಗಲೇ ತಿಳಿಯಿತು, ಆಮೇಲೆ ಕುರ್ಚಿ ಹಿಡಿದುಕೊಂಡೇ ಕುಳಿತಿದ್ದೆ" ಎಂದು ಬರೆದ. ಬೇಗ ತಿಳಿದವನಿಗೆ ಬೇಸರವಾಗಲಿಲ್ಲ, ಭಯ ಹೆಚ್ಚಿತು. ಇಂಥ ಸಂಗತಿ ನಕ್ಷತ್ರಗಳಲ್ಲಿ ಸಿಗುವುದಿಲ್ಲ.

ಎರಡನೆಯದರಲ್ಲಿ ನಾನು ಮೊದಲು "ವಿಮೋಚನೆ" ಎಂದು ಟೈಪ್ ಮಾಡಿದ್ದೆ. ಅಂಗಡಿಯಲ್ಲಿ ನನಗೆ ನೆರವಾಗುವ ಹುಡುಗಿ ಕರಡು ಓದಿ, "ಅಕ್ಕಾ, ಯಾರನ್ನು ಬಿಡುಗಡೆ ಮಾಡುತ್ತಾರೆ?" ಎಂದು ಕೇಳಿದಳು. ಜನರ ಬಾಯಲ್ಲಿ ಇರುವ ಮಾತನ್ನೇ ಪ್ರಶ್ನೆಯಲ್ಲಿ ಬಳಸಿ. ಕ್ಷಮೆ ಎಂದು ಬದಲಿಸಿದ ಮೇಲೆ ಉತ್ತರಗಳು ನನ್ನನ್ನೇ ತಡೆದು ನಿಲ್ಲಿಸಿದವು. ತೋಟದ ಕೂಲಿಕಾರರು ಇರುವ ಲೈನ್ ಮನೆಯ ಹೆಂಗಸೊಬ್ಬರು ಹೇಳಿದರು: "ಅವನು ಗುಡಿಗೆ ಹೋಗಿ ತಪ್ಪುಕಾಣಿಕೆ ಹಾಕಿದ, ಸರಿ. ಮಗುವಿನ ತಾಯಿಯ ಮನೆ ಬಾಗಿಲಿಗೆ ಯಾಕೆ ಹೋಗಲಿಲ್ಲ?" ನಿವೃತ್ತ ದಾದಿಯೊಬ್ಬರು ಬರೆದದ್ದು: "ಮೇಲೆ ಚರ್ಮ ಕೂಡಿತು, ಒಳಗೆ ಕೀವು ಉಳಿಯಿತು. ಇಂಥ ಗಾಯವನ್ನು ಮತ್ತೆ ಬಿಡಿಸಿ ತೊಳೆಯಬೇಕು." ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು ಮಾತ್ರ, ಕಾಂಪೌಂಡರ್ ಮಳೆಯಲ್ಲಿ ಸೈಕಲ್ ತಳ್ಳಿಕೊಂಡು ಜ್ವರದ ಮಗುವಿನ ಮನೆಗೆ ಹೋಗುವಾಗ ಕ್ಷಮಿಸಿದೆ ಎಂದರು. ಆ ದೃಶ್ಯದಲ್ಲಿ ಮಾತೇ ಇಲ್ಲ.

ನನಗೆ ಕೇಳಿದರೆ ನಾನು ಲೈನ್ ಮನೆಯವರ ಪಕ್ಷ. ಗಾಯ ಮಾಯುವ ಕಥೆ ಹೇಳುವ ಚಿತ್ರಗಳು ತಪ್ಪು ಮಾಡಿದವನ ಕಣ್ಣೀರಿಗೆ ಹತ್ತಿರ ನಿಲ್ಲುತ್ತವೆ, ನೊಂದವರು ಹಿನ್ನೆಲೆಗೆ ಸರಿಯುತ್ತಾರೆ. ಮೂರನೆಯ ಪ್ರಶ್ನೆ ಇದಕ್ಕಾಗಿಯೇ. ಆದರೆ ಚೀಟಿ ಪೂರ್ತಿಯಾಗುವವರೆಗೆ ನನ್ನ ಅಭಿಪ್ರಾಯವನ್ನು ಬಾಯಿಬಿಟ್ಟು ಹೇಳಲಿಲ್ಲ, ನೀವೂ ಹೇಳಬೇಡಿ.

ಚೀಟಿ ಮೊದಲು, ಕಾಫಿ ಆಮೇಲೆ. ಲೋಟ ಕೈಗೆ ಬಂದರೆ ಮಾತು ಶುರುವಾಗುತ್ತದೆ, ದೊಡ್ಡ ದನಿಯವರು ಹೇಳಿದ್ದನ್ನೇ ಉಳಿದವರೂ ಬರೆಯುತ್ತಾರೆ. ಹತ್ತು ನಿಮಿಷ ಮೌನವಾಗಿ ಬರೆಯಲು ಬಿಡಿ. ಬರೆಯಲು ಬಾರದವರ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅವರ ಮಾತನ್ನು ಅವರ ಪದಗಳಲ್ಲೇ ಬರೆದುಕೊಳ್ಳಿ, ಓದಿ ಹೇಳಿ, ಒಪ್ಪಿದ ಮೇಲೆ ಮಡಿಸಿ. ತಿದ್ದಿ ಚಂದ ಮಾಡಬೇಡಿ.

ಆಮೇಲಿನ ಮಾತುಕತೆಯನ್ನು ಮೂರನೆಯ ಪ್ರಶ್ನೆಯಿಂದ ತೆರೆಯಿರಿ. ಮೇಷ್ಟರೋ ಸಾಹುಕಾರರೋ ಮೊದಲು ಮಾತನಾಡಿದರೆ ಹಿಂದೆ ಕುಳಿತವರು ಸುಮ್ಮನಾಗುತ್ತಾರೆ, ಆದ್ದರಿಂದ ಹಿಂದಿನ ಸಾಲಿನಿಂದ ಆರಂಭಿಸಿ. ಯಾರಾದರೂ ಅಳತೊಡಗಿದರೆ ಅವರನ್ನು ಮಾತನಾಡಿಸಲು ಹೋಗಬೇಡಿ, ಪರಿಚಯದವರೊಬ್ಬರು ಹೊರಗೆ ಕರೆದುಕೊಂಡು ಹೋಗಿ ಜೊತೆಗಿರಲಿ. ಚೀಟಿಯ ಕೆಳಗೆ ಟೆಲಿ ಮಾನಸ್ ಸಹಾಯವಾಣಿ 14416 ಎಂದು ಮುದ್ರಿಸಿರುತ್ತೇನೆ. ಅದು ಮನಸ್ಸಿನ ನೋವಿಗೆ ನೆರವಾಗಲು ಸರ್ಕಾರ ನಡೆಸುವ, ಹಗಲು ರಾತ್ರಿ ಸಿಗುವ ಉಚಿತ ಸಂಖ್ಯೆ. ಆ ಸಾಲಿಗೆ ತಗಲುವ ಖರ್ಚೇನೂ ಇಲ್ಲ, ಬಿಡಬೇಡಿ.

ಗುಟ್ಟು ಕಾಯಲು ಎರಡು ಡಬ್ಬಿ ಇಡಿ. ಒಂದರ ಮೇಲೆ "ನೋಡಿದವರಿಗೆ ಮಾತ್ರ", ಇನ್ನೊಂದರ ಮೇಲೆ "ಎಲ್ಲರಿಗೂ" ಎಂದು ಬರೆಯಿರಿ. ಅಂಗಡಿಯ ಗಾಜಿಗೆ ಅಂಟಿಸುವುದು ಎರಡನೆಯದರ ಚೀಟಿಗಳನ್ನು ಮಾತ್ರ. ಅವುಗಳನ್ನೂ ಒಮ್ಮೆ ಓದಿ, ಮೊದಲ ಅರ್ಧ ಗಂಟೆಯ ನಂತರ ನಡೆಯುವುದೇನಾದರೂ ಇದ್ದರೆ ತೆಗೆದಿಡಿ. "ಕೊನೆಯಲ್ಲಿ ನನಗೆ ಆಘಾತವಾಯಿತು" ಎಂಬಷ್ಟು ಮಾತೂ ಬೇಡ, ಮುಂದಿನ ಭಾನುವಾರ ಬರುವವರು ಆ ಆಘಾತವನ್ನೇ ಕಾಯುತ್ತಾ ಕೂರುತ್ತಾರೆ.

ಎಂಟು ದಿನ ಬಿಟ್ಟು ಇನ್ನೊಮ್ಮೆ ಕೇಳಿ. ಜೆರಾಕ್ಸಿಗೆಂದು ಬಂದವರನ್ನು, ಬಸ್ಸು ಕಾಯುವವರನ್ನು, ಸಂತೆಯಲ್ಲಿ ಸಿಕ್ಕವರನ್ನು ನಾನು ಒಂದೇ ಪ್ರಶ್ನೆ ಕೇಳಿದೆ: ಏನು ಉಳಿದಿದೆ? ಯಾರು ಮಾಡಿದ್ದು, ಹೇಗೆ ಮಾಡಿದ್ದು ಎಂಬುದು ಹೆಚ್ಚಿನವರಿಂದ ಜಾರಿಹೋಗಿತ್ತು. ಸೈಕಲ್ ಉಳಿದಿತ್ತು, ಆ ತಾಯಿ ಒಲೆಯ ಮುಂದೆ ಕುಳಿತ ಬೆನ್ನು ಉಳಿದಿತ್ತು. ಕ್ಷಮಿಸಿದೆ ಎಂದಿದ್ದ ರೈಟರ್, "ಈಗ ಅಷ್ಟು ಖಚಿತವಿಲ್ಲ" ಎಂದರು. ಹಳೆಯ ಚೀಟಿಯನ್ನು ಹರಿಯದೆ, ಹೊಸ ಮಾತನ್ನು ದಿನಾಂಕ ಹಾಕಿ ಅದರ ಹಿಂಬದಿಯಲ್ಲಿ ಬರೆದೆ.

ಕಳಿಸುವಾಗ ಸಾರಾಂಶ ಮಾಡಬೇಡಿ. ಎಲ್ಲ ಚೀಟಿಗಳ ಎರಡೂ ಬದಿಗಳನ್ನು ಪ್ರತಿ ಮಾಡಿಸಿ, ಮೂಲವನ್ನು ಫೈಲಿನಲ್ಲಿಟ್ಟು, ಪ್ರತಿಗಳನ್ನು ಅಂಚೆಗೆ ಹಾಕಿ. ಕ್ಷಮಿಸದವರ ಚೀಟಿಗಳನ್ನು ಮೇಲಿಡಿ. ನಾನು ಎಲ್ಲಕ್ಕಿಂತ ಮೇಲೆ ಇಟ್ಟದ್ದು ತಪ್ಪುಕಾಣಿಕೆಯ ಚೀಟಿಯನ್ನು.