ರೆಪೊ ಸ್ವಂತ ಸರ್ವರ್‌ಗೆ ಬಂತು, ಇಶ್ಯೂಗಳ ಸಮೇತ: ನನ್ನ ಅನುಭವ

ಎರಡು ವರ್ಷದ ಹಿಂದೆ ನಮ್ಮ ಓಪನ್ ಸೋರ್ಸ್ ಪ್ರಾಜೆಕ್ಟಿನ ರೆಪೊ (ಕೋಡ್ ಮತ್ತು ಅದರ ಇತಿಹಾಸ ಇಡುವ ಜಾಗ), ಇಶ್ಯೂ (ಬಗ್, ಬೇಡಿಕೆಗಳ ಚರ್ಚೆ) ಎರಡನ್ನೂ ದೊಡ್ಡ ಕೋಡ್ ವೇದಿಕೆಯಿಂದ ಸ್ವಂತ ಸರ್ವರ್‌ಗೆ ತರುತ್ತೇನೆ ಅಂದಾಗ ಜೊತೆಗಾರರು ಯಾರೂ ಒಪ್ಪಲಿಲ್ಲ. "ಅಲ್ಲಿಂದ ಹೊರಗೆ ಬಂದ್ರೆ ಒಬ್ಬರೂ ಪ್ಯಾಚ್ ಕಳಿಸಲ್ಲ, ಮೂರೇ ತಿಂಗಳು ನೋಡು" ಅಂದರು. ಪ್ಯಾಚ್ ಅಂದರೆ ಹೊರಗಿನವರು ಕಳಿಸುವ ಕೋಡ್ ತಿದ್ದುಪಡಿ. ಹೋದ ವರ್ಷ ಸುಮಾರು 70 ಪ್ಯಾಚ್ ಬಂದವು. ಹಳೆಯ ಜಾಗದಲ್ಲಿ ಯಾವ ವರ್ಷವೂ 60 ದಾಟಿರಲಿಲ್ಲ.

ಹಟಕ್ಕೆ ಮಾಡಿದ್ದಲ್ಲ. ಇಂಥ ವೇದಿಕೆಗಳು ಶಾಶ್ವತವಲ್ಲ. ಗೂಗಲ್ ಕೋಡ್ 2016ರಲ್ಲಿ ಮುಚ್ಚಿತು. ಗಿಟೋರಿಯಸ್ 2015ರಲ್ಲೇ ಹೋಗಿತ್ತು. ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯುರಿಯಲ್‌ಗೆ (ಗಿಟ್‌ನಂತೆ ಕೋಡಿನ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ) ಬೆಂಬಲ ನಿಲ್ಲಿಸಿತು. ಕೋಡ್‌ಗೆ ಭಯವಿಲ್ಲ, ಕ್ಲೋನ್ ಮಾಡಿದ (ಪೂರ್ತಿ ಪ್ರತಿ ಇಳಿಸಿಕೊಂಡ) ಎಲ್ಲರ ಹತ್ತಿರ ಅದು ಇರುತ್ತದೆ. ಆದರೆ ಒಂದು ಬಗ್ಗನ್ನು ಯಾಕೆ ಹಾಗೇ ಬಿಟ್ಟೆವು, ಒಂದು ಫೀಚರ್ ಯಾಕೆ ಬೇಡ ಅಂದೆವು, ಆ ಮಾತುಕತೆ ಗಿಟ್ ಒಳಗಿಲ್ಲ. ಅದು ಬೇರೆಯವರ ಡೇಟಾಬೇಸ್‌ನಲ್ಲಿದೆ. ನನಗೆ ಬೇಕಿದ್ದದ್ದು ಅದು.

ಮೊದಲು ಇಂಥ ವೇದಿಕೆಯನ್ನು ನಾವೇ ನಡೆಸಲು ಎಲ್ಲ ಸೌಲಭ್ಯ ಇರುವ ಭಾರಿ ತಂತ್ರಾಂಶ ಹಾಕಿದೆ. ಅದಕ್ಕೆ 8 ಜಿಬಿ ರ್‍ಯಾಮ್ ಬೇಕಾಯಿತು, ತಿಂಗಳಿಗೆ 40 ಡಾಲರ್ ಹತ್ತಿರ. ನಾಲ್ಕು ತಿಂಗಳು ಸುಮ್ನೆ ದುಡ್ಡು ಸುರಿದೆ. ಆಮೇಲೆ ಅದೇ ಕೆಲಸದ ಹಗುರ ತಂತ್ರಾಂಶ ಫೋರ್ಜೆಜೋಗೆ ಬಂದೆ, 2022ರಲ್ಲಿ ಗಿಟೀ ಅನ್ನುವ ಇನ್ನೊಂದು ತಂತ್ರಾಂಶದಿಂದ ಕವಲೊಡೆದದ್ದು. ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಜೊತೆ 1 ಜಿಬಿಯಲ್ಲಿ ಆರಾಮಾಗಿ ಓಡುತ್ತಿದೆ. ಈಗ ಸರ್ವರ್, ಬ್ಯಾಕಪ್ ಎಲ್ಲ ಸೇರಿ ತಿಂಗಳಿಗೆ 7 ಡಾಲರ್ ದಾಟಲ್ಲ. ಸರ್ವರ್ ನೋಡಿಕೊಳ್ಳುವ ಗೋಜೇ ಬೇಡ ಅನ್ನುವವರಿಗೆ ಕೋಡ್‌ಬರ್ಗ್ ಅನ್ನುವ ವೇದಿಕೆ ಇದೆ. ಅದೂ ಫೋರ್ಜೆಜೋ ಮೇಲೇ ನಡೆಯುತ್ತದೆ.

ದೊಡ್ಡ ಪೆಟ್ಟು ಬಿದ್ದದ್ದು ಇಶ್ಯೂಗಳಲ್ಲಿ. ಹಳೆಯ ವೇದಿಕೆಯ ಎಪಿಐಯಿಂದ (ಪ್ರೋಗ್ರಾಂಗಳು ಮಾಹಿತಿ ಪಡೆಯುವ ದಾರಿ) ಒಂದೊಂದೇ ಇಶ್ಯೂ ಓದಿ ಇಲ್ಲಿ ಹೊಸದಾಗಿ ತೆರೆಯುವ ಸ್ಕ್ರಿಪ್ಟ್ ಬರೆದಿದ್ದೆ. ರಾತ್ರಿಯಿಡೀ ಓಡಿತು. ಬೆಳಿಗ್ಗೆ ನೋಡಿದರೆ 1,100 ಚಿಲ್ಲರೆ ಇಶ್ಯೂಗಳೂ ನನ್ನ ಹೆಸರಲ್ಲಿ, ಅವತ್ತಿನ ತಾರೀಕಿನಲ್ಲಿ ಕೂತಿದ್ದವು. ಅದಕ್ಕಿಂತ ಕೆಟ್ಟದ್ದು ನಂಬರ್. ಇಶ್ಯೂಗೂ ಪುಲ್ ರಿಕ್ವೆಸ್ಟ್‌ಗೂ (ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಒಂದೇ ಸಾಲಿನ ನಂಬರ್ ಅಲ್ವಾ, ಸ್ಕ್ರಿಪ್ಟ್ ಪುಲ್ ರಿಕ್ವೆಸ್ಟ್‌ಗಳನ್ನು ಬಿಟ್ಟಿತ್ತು. 214ನೇ ಇಶ್ಯೂ 131 ಆಗಿತ್ತು. ಹಳೆಯ ಕಮಿಟ್‌ನಲ್ಲಿ (ದಾಖಲಾದ ಬದಲಾವಣೆಯಲ್ಲಿ) "214 ಸರಿಯಾಯಿತು" ಅಂತಿದ್ದ ಕಡೆ ಒತ್ತಿದರೆ ಸಂಬಂಧವೇ ಇಲ್ಲದ ಇಶ್ಯೂ ತೆರೆಯುತ್ತಿತ್ತು. ಎಲ್ಲ ಅಳಿಸಿದೆ.

ಎರಡನೇ ಸಲ ಫೋರ್ಜೆಜೋದ್ದೇ ಮೈಗ್ರೇಷನ್ (ಬೇರೆ ವೇದಿಕೆಯಿಂದ ತರುವ ಸೌಲಭ್ಯ) ಬಳಸಿದೆ. ರೆಪೊ ಮೊದಲೇ ತೆರೆದಿಟ್ಟು ತುಂಬಿಸಲು ಹೋಗಬೇಡಿ, ಮೈಗ್ರೇಷನ್‌ನಿಂದಲೇ ಹುಟ್ಟಲಿ. ಹಳೆಯ ವೇದಿಕೆಯ ಟೋಕನ್ (ಪ್ರವೇಶದ ಕೀಲಿ) ಕೊಟ್ಟು ಇಶ್ಯೂ, ಪುಲ್ ರಿಕ್ವೆಸ್ಟ್, ಲೇಬಲ್, ರಿಲೀಸ್ ಎಲ್ಲಕ್ಕೂ ಟಿಕ್ ಹಾಕಿ. ನಂಬರ್, ತಾರೀಕು, ಬರೆದವರ ಹೆಸರು ಹಾಗೇ ಬಂದವು. ಹಳೆಯ ವೇದಿಕೆಯ ಖಾತೆಯಿಂದಲೇ ಲಾಗಿನ್ ಆಗುವಂತೆ ಓಆತ್ ಇಟ್ಟೆ. ಹಾಗೆ ಒಳಗೆ ಬಂದವರ ಹಳೆಯ ಕಾಮೆಂಟ್‌ಗಳು ತಾವಾಗಿ ಅವರ ಖಾತೆಗೇ ಸೇರಿಕೊಂಡವು. ಪ್ಯಾಚ್ ಕಡಿಮೆಯಾಗದೆ ಇದ್ದದ್ದಕ್ಕೆ ಇದೇ ಕಾರಣ ಅಂತ ನನ್ನ ನಂಬಿಕೆ. ಹೊಸ ಪಾಸ್‌ವರ್ಡ್ ಕೇಳಿದರೆ ಅರ್ಧ ಜನ ಅಲ್ಲೇ ವಾಪಸ್ ಹೋಗುತ್ತಾರೆ. ಹಳೆಯ ಜಾಗದಲ್ಲಿ ಪುಶ್ ಮಿರರ್ (ಇಲ್ಲಿಂದ ತಾನಾಗಿ ಹೋಗುವ ಪ್ರತಿ) ಈಗಲೂ ಇದೆ, ಹುಡುಕಿ ಬರುವವರಿಗಾಗಿ.

ನಡುವೆ ಮೇಲ್‌ನಲ್ಲಿ ಪ್ಯಾಚ್ ತೆಗೆದುಕೊಳ್ಳುವ ಪ್ರಯೋಗವನ್ನೂ ಮಾಡಿದೆ, ಲಿನಕ್ಸ್ ಕರ್ನಲ್‌ನವರ ಥರ. ಆರು ತಿಂಗಳಲ್ಲಿ ನಾಲ್ಕು ಬಂದವು. ನಾಲ್ಕೂ ಚೊಕ್ಕವಾಗಿದ್ದವು, ಹಾಗಾಗಿ ಆ ದಾರಿ ಮುಚ್ಚಿಲ್ಲ.

ಮೂರನೇ ತಿಂಗಳಲ್ಲಿ ಡಿಸ್ಕ್ ತುಂಬಿ ಸರ್ವರ್ ನಿಂತೇಹೋಯಿತು. ನೋಡಿದರೆ ರೆಪೊ ಬರೀ 300 ಎಂಬಿ, ಆರ್ಕೈವ್ ಫೋಲ್ಡರ್ 20 ಜಿಬಿ ಮೇಲೆ. ಬಾಟ್‌ಗಳು ಒಂದೊಂದು ಕಮಿಟ್‌ನ ಜಿಪ್ಪನ್ನೂ ಕೇಳುತ್ತಿದ್ದವು, ಸರ್ವರ್ ಪಾಪ ಕೇಳಿದಷ್ಟನ್ನೂ ಮಾಡಿಡುತ್ತಿತ್ತು. ಸೋರ್ಸ್ ಆರ್ಕೈವ್ ಡೌನ್‌ಲೋಡನ್ನು ಕಾನ್ಫಿಗ್‌ನಲ್ಲೇ ಬಂದ್ ಮಾಡಿದೆ, ರಿಲೀಸ್ ಫೈಲ್‌ಗಳನ್ನು ನಾನೇ ಏರಿಸುತ್ತೇನೆ. ಯಾವ ಸಾಲು ಯಾರದ್ದು, ಏನು ಬದಲಾಯಿತು ಅಂತ ತೋರಿಸುವ ಬ್ಲೇಮ್, ಡಿಫ್ ಪುಟಗಳ ಮುಂದೆ ಇನ್ನೂ ಎರಡು ನಿಯಮ ಇಟ್ಟಿದ್ದೇನೆ. ಅವನ್ನು ಇಲ್ಲಿ ಬರೆಯಲ್ಲ, ಬಾಟ್ ನಡೆಸುವವರೂ ಓದುತ್ತಾರೆ.

ಮೂರು ತಿಂಗಳಿಗೊಮ್ಮೆ ಬ್ಯಾಕಪ್ ತೆಗೆದು ಖಾಲಿ ಸರ್ವರ್ ಮೇಲೆ ಮತ್ತೆ ನಿಲ್ಲಿಸಿ ನೋಡುತ್ತೇನೆ. ಮೊದಲ ಸಲ ಒಂದು ದಿನ ಹಿಡಿಯಿತು, ಈಗ ಅರ್ಧ ಗಂಟೆ. ಆ ಸರ್ವರ್ ಎದ್ದ ಕೂಡಲೇ 214ನೇ ಇಶ್ಯೂ ತೆರೆಯುತ್ತೇನೆ. ಅದು ಅದೇ ಆಗಿದ್ದರೆ ಆ ಪರೀಕ್ಷೆಯ ಸರ್ವರ್ ಅಳಿಸಿ ಮಲಗುತ್ತೇನೆ.