ಶಿರಸಿಯಲ್ಲಿ ಕೂತು ಅಮೆರಿಕದ ಕೆಲಸ: ದರ ಕಟ್ಟುವ ಬಗೆ

ಅಗ್ಗದ ಕೂಲಿಯ ದೇಶಗಳಿಗೆ ತಮ್ಮ ಕೆಲಸ ಹೋಯಿತು ಎಂದು ಅಮೆರಿಕದ ಸಾಫ್ಟ್‌ವೇರ್ ತಂತ್ರಜ್ಞರು ದೂರುವುದರಲ್ಲಿ ಸುಳ್ಳಿಲ್ಲ. ಶಿರಸಿ, ಕುಮಟಾ, ಕಾರವಾರದಲ್ಲಿ ಮನೆಯಿಂದಲೇ ಆ ಕೆಲಸ ಹಿಡಿಯುವವರು ಇದನ್ನು ಮೊದಲು ತಿಳಿದಿರಬೇಕು. ಅಗ್ಗವೆಂದು ಬಂದ ಗಿರಾಕಿ ಇನ್ನೂ ಅಗ್ಗ ಸಿಕ್ಕಿದ ದಿನ ಎದ್ದು ಹೋಗುತ್ತಾನೆ.

ದರ ಕಟ್ಟುವಾಗ ಹೆಚ್ಚಿನವರು ಎಡವುವುದು ಭಾಗಾಕಾರದಲ್ಲಿ. ತಿಂಗಳಿಗೆ ಒಂದು ಲಕ್ಷ ಬೇಕೆಂದು 160 ಗಂಟೆಯಿಂದ ಭಾಗಿಸಿದರೆ ಗಂಟೆಗೆ 625 ರೂಪಾಯಿ ಬರುತ್ತದೆ. ಆದರೆ ಗಿರಾಕಿ ಹುಡುಕುವುದು, ಮೀಟಿಂಗು, ಲೆಕ್ಕಪತ್ರ ಇವಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ವಾರಕ್ಕೆ 25 ಗಂಟೆಯಷ್ಟೇ ಬಿಲ್ಲಾಗುತ್ತದೆ, ವರ್ಷಕ್ಕೆ 46 ವಾರ ಎಂದು ಹಿಡಿಯಿರಿ: 1,150 ಗಂಟೆ. ಹನ್ನೆರಡು ಲಕ್ಷಕ್ಕೆ ಲ್ಯಾಪ್‌ಟಾಪ್, ಇನ್ವರ್ಟರ್, ಇಂಟರ್ನೆಟ್, ಆರೋಗ್ಯ ವಿಮೆ, ಆಡಿಟರ್ ಫೀ ಎಂದು 1.8 ಲಕ್ಷ ಸೇರಿಸಿ ಭಾಗಿಸಿದರೆ 1,200 ರೂಪಾಯಿ. ಆದಾಯ ತೆರಿಗೆ ಇನ್ನೂ ಕಳೆದಿಲ್ಲ. ಇದಕ್ಕಿಂತ ಕೆಳಗೆ ಇಳಿಯಬೇಡಿ.

ರಾಶಿ, ಚಾಲಿ, ಬೆಟ್ಟೆ ವಿಂಗಡಿಸದೆ ಯಾರೂ ಅಡಿಕೆಯನ್ನು ಟೆಂಡರಿಗೆ ಇಡುವುದಿಲ್ಲ. ಬಿಲ್ಲನ್ನೂ ಹಾಗೇ ವಿಂಗಡಿಸಿ. 2022ರಿಂದ ಅಮೆರಿಕದ ಕಂಪನಿಗಳು ಹೊರದೇಶದಲ್ಲಿ ಮಾಡಿಸಿದ ಸಾಫ್ಟ್‌ವೇರ್ ಅಭಿವೃದ್ಧಿಯ ಖರ್ಚನ್ನು ತೆರಿಗೆ ಲೆಕ್ಕದಲ್ಲಿ 15 ವರ್ಷಕ್ಕೆ ಹಂಚಿ ತೋರಿಸಬೇಕು. 2025ರ ಕಾನೂನು ಅಮೆರಿಕದಲ್ಲೇ ಮಾಡಿಸಿದ್ದನ್ನು ಅದೇ ವರ್ಷ ಕಳೆಯಲು ಬಿಟ್ಟಿತು, ಹೊರಗಿನದಕ್ಕೆ ಬಿಡಲಿಲ್ಲ. ಬಳಕೆಯಲ್ಲಿರುವ ಸಾಫ್ಟ್‌ವೇರಿನ ಬರೀ ದೋಷ ತಿದ್ದುವ ಕೆಲಸ ಸಾಮಾನ್ಯವಾಗಿ ಈ ನಿಯಮದೊಳಗೆ ಬರುವುದಿಲ್ಲ. ಆದ್ದರಿಂದ ಹೊಸ ಅಭಿವೃದ್ಧಿ ಒಂದು ಸಾಲು, ದೋಷ ತಿದ್ದುವಿಕೆ ಇನ್ನೊಂದು ಸಾಲು. ಎಲ್ಲ ಸೇರಿಸಿ ಒಂದೇ ಮೊತ್ತ ಬರೆದರೆ ಗಿರಾಕಿಯ ಅಕೌಂಟೆಂಟ್ ಪೂರ್ತಿಯನ್ನು ಅಭಿವೃದ್ಧಿಗೇ ಹಾಕುವ ಸಾಧ್ಯತೆ ಹೆಚ್ಚು. ಆ ವರ್ಷ ಗಿರಾಕಿಯ ತೆರಿಗೆ ಏರುತ್ತದೆ, ಆಮೇಲೆ ಚೌಕಾಶಿ ನಿಮ್ಮ ದರದ ಮೇಲೆ ನಡೆಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ಹೊರಗುತ್ತಿಗೆ ಪಾವತಿಗೆ 25% ತೆರಿಗೆ ಹಾಕುವ ಮಸೂದೆಯೂ ಅಮೆರಿಕದ ಸೆನೆಟ್ಟಿಗೆ ಬಂದಿತ್ತು. ಹೊಸ ತೆರಿಗೆ ಬಂದರೆ ಅದನ್ನು ನಿಮ್ಮ ಬಿಲ್ಲಿನಿಂದ ಮುರಿಯಕೂಡದು ಎಂಬ ಷರತ್ತನ್ನು ಕರಾರಿನಲ್ಲೇ ಬರೆಸಿ. ಕೆಲಸ ನಿಲ್ಲಿಸುವ ಮುಂಚೆ 30 ದಿನಗಳ ನೋಟೀಸು, ದುಡ್ಡು ಬಂದ ಮೇಲೇ ಕೋಡಿನ ಹಕ್ಕು ವರ್ಗ, ಇವೆರಡನ್ನೂ ಬಿಡಬೇಡಿ.

ನೀವು ಅಮೆರಿಕದ ತೆರಿಗೆದಾರರಲ್ಲ ಎಂದು ತಿಳಿಸುವ ಡಬ್ಲ್ಯೂ-8ಬಿಇಎನ್ ಫಾರ್ಮನ್ನು ಅಲ್ಲಿನ ಗಿರಾಕಿಗೆ ಮೊದಲೇ ಕಳಿಸಿ. ಜಿಎಸ್‌ಟಿ ನೋಂದಣಿ ಇದ್ದರೆ ಜಿಎಸ್‌ಟಿ ಕಟ್ಟದೆ ಹೊರದೇಶಕ್ಕೆ ಬಿಲ್ ಮಾಡಲು ಕೊಡುವ ಮುಚ್ಚಳಿಕೆಯನ್ನು (ಎಲ್‌ಯುಟಿ) ಪ್ರತಿ ಹಣಕಾಸು ವರ್ಷ ಹೊಸದಾಗಿ ಸಲ್ಲಿಸಬೇಕು. ಏಪ್ರಿಲ್‌ನಲ್ಲಿ ಮರೆಯುವವರೇ ಜಾಸ್ತಿ.

ಇನ್ನು ಮಳೆಗಾಲ. ನ್ಯೂಯಾರ್ಕಿನ ಬೆಳಗಿನ ಒಂಬತ್ತು ಎಂದರೆ ಅಲ್ಲಿನ ಬೇಸಿಗೆಯಲ್ಲಿ ನಮಗೆ ಸಂಜೆ 6:30, ಚಳಿಗಾಲದಲ್ಲಿ 7:30. ಜೂನ್-ಜುಲೈಯಲ್ಲಿ ಕರೆಂಟು ಕೈಕೊಡಬಹುದಾದ ಹೊತ್ತದು. ಇನ್ವರ್ಟರಿನ 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇರುತ್ತದೆ. ಬಾಳಿಕೆ ಬೇಕೆಂದರೆ ಅರ್ಧವಷ್ಟೇ ಬಳಸಿ. ಲ್ಯಾಪ್‌ಟಾಪ್, ರೂಟರ್ ಸೇರಿ ನಷ್ಟವೂ ಕೂಡಿ 100 ವ್ಯಾಟ್ ಎಂದರೆ ಒಂಬತ್ತು ಗಂಟೆ. ಅದಕ್ಕೇ ಫ್ಯಾನ್ ಹಾಕಿದರೆ ಐದಕ್ಕೆ ಇಳಿಯುತ್ತದೆ. ಎರಡು ಫೈಬರ್ ಸಂಪರ್ಕ ಇಟ್ಟುಕೊಂಡು ಪ್ರಯೋಜನವಿಲ್ಲ, ಎರಡೂ ಒಂದೇ ಕಂಬದ ಮೇಲೆ ಬಂದಿದ್ದರೆ ಒಂದೇ ಮರ ಬಿದ್ದು ಎರಡೂ ಹೋಗುತ್ತವೆ. ಎರಡನೆಯದು ಮೊಬೈಲ್ ಡೇಟಾ ಇರಲಿ, ಅದೂ ಬೇರೆ ಕಂಪನಿಯದು. ಗುಡುಗು ಶುರುವಾದ ಕೂಡಲೇ ರೂಟರಿನ ಅಡಾಪ್ಟರ್ ಮತ್ತು ಲ್ಯಾನ್ ಕೇಬಲ್ ಕಿತ್ತಿಟ್ಟು ಮೀಟಿಂಗನ್ನು ಮೊಬೈಲಿಗೆ ಬದಲಿಸಿಕೊಳ್ಳಿ.